ಅರಮನೆಯ ಪಿಯಾನೋ, ಕಾನ್ವೆಂಟಿನ ಪಾಠ

ಹರವೆ, ಚಾಮರಾಜನಗರ, ಗುಂಡ್ಲುಪೇಟೆಯ ಕಡೆಯ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಮಗ ಚರ್ಚಿನ ಗಾನವೃಂದಕ್ಕೆ ಕೀಬೋರ್ಡ್ ನುಡಿಸಿದರೆ, ಮಗಳು ಹಾರ್ಮೋನಿಯಂ ಹಿಡಿದು ಕುಳಿತರೆ, ಹೆತ್ತವರಿಗೆ ಹೆಮ್ಮೆ. ಆದರೆ ಆ ಮಗು ಹತ್ತನೆಯ ತರಗತಿ ಮುಟ್ಟಿತೆಂದರೆ 'ಇನ್ನು ಸಂಗೀತ ಸಾಕು, ಓದಿನ ಕಡೆ ಗಮನ ಕೊಡು' ಎಂಬ ಮಾತು ಬಂದೇ ಬರುತ್ತದೆ. ಹೊಲ, ಮನೆ, ತಂಗಿಯ ಮದುವೆ ಎಂಬ ಹೊಣೆಗಳ ಮುಂದೆ ಆ ಮಾತನ್ನು ತಪ್ಪೆನ್ನಲಾಗದು. ಹಾಗಾದರೆ ದೇವರು ಕೊಟ್ಟ ಆ ಪ್ರತಿಭೆಯ ಗತಿ ಏನು? ನಮ್ಮ ಸೀಮೆಯನ್ನೇ ಆಳಿದ ಅರಸರೊಬ್ಬರ ಬಾಳಿನಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ದೊರೆಯುತ್ತದೆ.

ಅರಿಕುಠಾರ ಎಂಬ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರನ್ನಿಟ್ಟು ಚಾಮರಾಜನಗರವೆಂದು ಕರೆದುದನ್ನು ವಾಚಕರು ಬಲ್ಲರು. ಅದೇ ರಾಜವಂಶದಲ್ಲಿ 1919ರ ಜುಲೈ 18ರಂದು ಜನಿಸಿದವರು ಜಯಚಾಮರಾಜ ಒಡೆಯರು. ಅವರನ್ನು ನಾವು ಮೈಸೂರಿನ ಕೊನೆಯ ಮಹಾರಾಜರೆಂದೂ, ಕರ್ನಾಟಕ ಸಂಗೀತದ ವಾಗ್ಗೇಯಕಾರರೆಂದೂ ನೆನೆಯುತ್ತೇವೆ. ಆದರೆ ಯೌವನದಲ್ಲಿ ಅವರು ಕಂಡ ಕನಸೇ ಬೇರೆ. ದೇಶವಿದೇಶಗಳ ವೇದಿಕೆಗಳಲ್ಲಿ ಕಛೇರಿ ನಡೆಸುವ ಪಿಯಾನೋ ವಾದಕರಾಗಬೇಕು, ರಷ್ಯದ ಮಹಾನ್ ಕಲಾವಿದ ರಹ್ಮಾನಿನೋವ್ ಅವರಲ್ಲಿ ಶಿಷ್ಯವೃತ್ತಿ ಮಾಡಬೇಕು ಎಂಬುದು ಅವರ ಹಂಬಲವಾಗಿತ್ತು.

ಆ ಮನೆತನದ ಸಂಗೀತ ಶಿಕ್ಷಣದಲ್ಲಿ ನಮ್ಮ ಧರ್ಮಸಭೆಯ ಪಾಲೂ ಉಂಟು. ಅರಸರ ತಂಗಿ ವಿಜಯಾದೇವಿಯವರು ಪಿಯಾನೋ ಪಾಠ ಕಲಿತದ್ದು ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನ ಧರ್ಮಭಗಿನಿಯರಲ್ಲಿ. ಮುಂದೆ ಅವರು ಅಮೆರಿಕಕ್ಕೂ ಹೋಗಿ ಅಭ್ಯಾಸ ಮಾಡಿ, 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿದರು. ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. 1903ರಲ್ಲಿ ಪೋಪ್ ಹತ್ತನೆಯ ಪಿಯೂಸ್ ಅವರು ಹೊರಡಿಸಿದ ಆದೇಶದಂತೆ ಚರ್ಚಿನೊಳಗೆ ಪಿಯಾನೋ ನುಡಿಸುವುದು ನಿಷಿದ್ಧವಾಗಿತ್ತು. 1963ರ ವ್ಯಾಟಿಕನ್ ಮಹಾಸಭೆಯ ಸಂವಿಧಾನವು ಆರ್ಗನ್ ವಾದ್ಯಕ್ಕೆ ಹಿರಿಮೆಯನ್ನು ಉಳಿಸಿ, ಆರಾಧನೆಗೆ ತಕ್ಕ ಇತರ ವಾದ್ಯಗಳಿಗೂ ಎಡೆಮಾಡಿಕೊಟ್ಟಿತು. ಅದಕ್ಕೆ ಮೊದಲು ಪೂಜಾಮಂದಿರಕ್ಕೆ ಬಾರದ ವಾದ್ಯವನ್ನು ನಮ್ಮ ಕನ್ಯಾಸ್ತ್ರೀಯರು ಶಾಲೆಯ ಕೋಣೆಗಳಲ್ಲಿ ಜಾತಿಮತದ ಭೇದವಿಲ್ಲದೆ ಮಕ್ಕಳಿಗೆ ಕಲಿಸಿದರು.

ಈ ವಾದ್ಯವೂ ಒಂದೇ ಬಗೆಯದಲ್ಲ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಕ್ರಿಸ್ಟೊಫೊರಿ ಎಂಬಾತ ತಂತಿಗಳನ್ನು ಮೀಟುವ ಬದಲು ಪುಟ್ಟ ಸುತ್ತಿಗೆಗಳಿಂದ ತಟ್ಟುವ ಯಂತ್ರವನ್ನು ರಚಿಸಿದ. ಮೊಜಾರ್ಟನ ಕಾಲದ ಪಿಯಾನೋಗೆ ಮರದ ಚೌಕಟ್ಟು, ತೊಗಲು ಹೊದಿಸಿದ ಸುತ್ತಿಗೆ, ಐದು ಸಪ್ತಕಗಳ ವ್ಯಾಪ್ತಿ. ದನಿ ಮೆಲು, ಬೇಗ ಆರಿಹೋಗುವಂಥದು, ಆದರೆ ಮಾತಿನಷ್ಟು ಸ್ಪಷ್ಟ. 19ನೆಯ ಶತಮಾನದಲ್ಲಿ ಕಬ್ಬಿಣದ ಚೌಕಟ್ಟು ಬಂದಿತು, ತಂತಿಗಳ ಬಿಗಿತ ಹೆಚ್ಚಿತು, ಮನೆಗಳು 88ಕ್ಕೆ ಏರಿದವು, ದೊಡ್ಡ ಸಭಾಂಗಣವನ್ನು ತುಂಬುವ ನಾದ ಹುಟ್ಟಿತು. ಹಳೆಯದನ್ನೂ ಹೊಸದನ್ನೂ ನುಡಿಸಬಲ್ಲ ಕಲಾವಿದರು ಇಂದು ಯುರೋಪಿನಲ್ಲಿದ್ದಾರೆ. ಪಿಟೀಲು ವಾದಕ ತನ್ನ ವಾದ್ಯವನ್ನು ಕಂಕುಳಲ್ಲಿ ಒಯ್ಯುತ್ತಾನೆ. ಪಿಯಾನೋ ವಾದಕನಾದರೋ ಹೋದೆಡೆ ಸಿಕ್ಕಿದ ವಾದ್ಯದ ಗುಣವನ್ನರಿತು ಅದರಲ್ಲೇ ತನ್ನ ಸಂಗೀತವನ್ನು ಹೊರಡಿಸಬೇಕು.

ಜಯಚಾಮರಾಜ ಒಡೆಯರಿಗೆ ಸಿಕ್ಕಿದ್ದು ತಾವು ಬಯಸಿದ ವಾದ್ಯವಲ್ಲ. 1940ರ ಮಾರ್ಚಿಯಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಅಗಲಿದರು. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲನ್ನಿಟ್ಟವರು ಅವರೇ. ಸೆಪ್ಟೆಂಬರ್ 8ರಂದು, ನಾವು ಕನ್ಯಾಮರಿಯಮ್ಮನವರ ಜನ್ಮೋತ್ಸವವನ್ನು ಆಚರಿಸುವ ದಿನವೇ, 21 ವರ್ಷದ ತರುಣ ಸಿಂಹಾಸನವೇರಬೇಕಾಯಿತು. 1943ರಲ್ಲಿ ರಹ್ಮಾನಿನೋವ್ ನಿಧನರಾದಾಗ ಶಿಷ್ಯವೃತ್ತಿಯ ಆಸೆಯೂ ಅಳಿಯಿತು. ಆದರೂ ಅಭ್ಯಾಸ ಬಿಡದೆ, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದರು.

ಕನಸು ಮುರಿದವರಲ್ಲಿ ಎಷ್ಟೋ ಮಂದಿ ಪರರ ಏಳಿಗೆಯನ್ನು ಕಂಡು ಕರುಬುತ್ತಾರೆ. ಈ ಅರಸರು ಹಾಗೆ ಮಾಡಲಿಲ್ಲ. ರಹ್ಮಾನಿನೋವರ ಗೆಳೆಯರಾದ ನಿಕೊಲಾಯ್ ಮೆಟ್ನರ್ ಎಂಬ ರಚನಕಾರರು ವೃದ್ಧಾಪ್ಯದಲ್ಲಿ, ಅನಾರೋಗ್ಯದಲ್ಲಿ, ಲೋಕದ ಅಲಕ್ಷ್ಯಕ್ಕೆ ಗುರಿಯಾಗಿ ಲಂಡನ್ನಿನಲ್ಲಿದ್ದರು. ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು ಮಹಾರಾಜರು ಹಣ ಒದಗಿಸಿದರು. 1951ರಲ್ಲಿ ಮೆಟ್ನರ್ ಕಣ್ಮುಚ್ಚುವ ಮೊದಲು ಅವರ ಮೂರೂ ಪಿಯಾನೋ ಕಂಚರ್ಟೋಗಳು ತಟ್ಟೆಗೆ ಏರಿದ್ದವು. ಮೂರನೆಯದನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೇ ಅರ್ಪಿಸಿದರು. ಲಂಡನ್ನಿನ ಫಿಲಾರ್ಮೋನಿಯಾ ವಾದ್ಯವೃಂದಕ್ಕೂ ಅರಸರ ನೆರವು ಹರಿಯಿತು. 1950ರ ಮೇ 22ರಂದು ರಿಚರ್ಡ್ ಸ್ಟ್ರೌಸರ ಕೊನೆಯ ನಾಲ್ಕು ಗೀತೆಗಳು ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು ಅವರ ಧನಸಹಾಯದಿಂದ. ಆ ಸಂಜೆ ಅರಸರು ಅಲ್ಲಿರಲಿಲ್ಲ. ಹಾಡಿನ ಮುದ್ರಿಕೆಯಷ್ಟೇ ಅವರಿಗಾಗಿ ಸಿದ್ಧವಾಯಿತು.

1974ರಲ್ಲಿ ಅವರು ಕಾಲವಾದರು. ಅವರು ಬಯಸಿದ್ದ ಕಛೇರಿಯ ಬಾಳು ಅವರ ಪಾಲಿಗೆ ಬರಲೇ ಇಲ್ಲ. ಆದರೆ ಮೆಟ್ನರರ ಬೆರಳುಗಳ ನಾದ ಇಂದಿಗೂ ಲೋಕಕ್ಕೆ ಕೇಳುತ್ತಿರುವುದು ಅವರ ಔದಾರ್ಯದಿಂದ. ಸುವಾರ್ತೆಯಲ್ಲಿ ಯಜಮಾನನು ಕೊಟ್ಟ ತಲಾಂತನ್ನು ಮಣ್ಣಿನಲ್ಲಿ ಹೂತಿಟ್ಟ ಸೇವಕನ ಸಾಮತಿ ಇದೆ. ಅರಸರು ತಮ್ಮ ತಲಾಂತನ್ನು ಹೂಳಲಿಲ್ಲ. ತಾವು ದುಡಿಸಲಾಗದ್ದನ್ನು ಬೇರೊಬ್ಬರ ಕೈಯಲ್ಲಿ ಬೆಳೆಯಿಸಿದರು.

ನಮ್ಮ ಮಕ್ಕಳೆಲ್ಲರೂ ಸಂಗೀತವನ್ನೇ ವೃತ್ತಿಯಾಗಿ ಹಿಡಿಯಲಾರರು, ಹಿಡಿಯಬೇಕಾದುದೂ ಇಲ್ಲ. ಆದರೆ ಹೊಣೆ ಬಂದಿತೆಂದು ಪ್ರತಿಭೆಯ ಬಾಗಿಲಿಗೆ ಬೀಗ ಹಾಕಬೇಕಾಗಿಲ್ಲ. ಪರೀಕ್ಷೆ ಮುಗಿದ ಮೇಲೆ ಕೀಬೋರ್ಡಿನ ಮುಂದೆ ಕೂರಲು ಮಗುವನ್ನು ಬಿಡೋಣ. ನಾವು ಕಲಿಯಲಾಗದೆ ಉಳಿದದ್ದನ್ನು ನೆರೆಮನೆಯ ಬಡ ಮಗು ಕಲಿಯುವುದಾದರೆ ಕೈಲಾದಷ್ಟು ನೆರವಾಗೋಣ. ಹೆಸರು ಬಯಸದೆ ಮಕ್ಕಳಿಗೆ ಸ್ವರ ಕಲಿಸಿ ಕಣ್ಮರೆಯಾದ ಧರ್ಮಭಗಿನಿಯರನ್ನು ಈ ಭಾನುವಾರದ ಬಲಿಪೂಜೆಯಲ್ಲಿ ನೆನೆಯೋಣ.