ವಿಕ್ಟೋರಿಯಾ ಕಾಲದ ಬಾಲ್ಯ, ಗುಬ್ಬಿ ಸೀಮೆಯಲ್ಲಿ

ವಿಕ್ಟೋರಿಯಾ ರಾಣಿಯ ಕಾಲದ ಮಕ್ಕಳು ಎಂದೊಡನೆ ಲಂಡನ್ನಿನಲ್ಲಿ ಚಿಮಣಿ ಗುಡಿಸುವ ಹುಡುಗ ನೆನಪಾಗುತ್ತಾನೆ. ಅದೇ ಕಾಲದಲ್ಲಿ ತುಮಕೂರು ಸೀಮೆಯ ಮಕ್ಕಳು ಹೇಗಿದ್ದರು? ರಾಣಿ ಪಟ್ಟಕ್ಕೆ ಬಂದ 1837ರಲ್ಲೇ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಗೆ ಬಂದರು. ಅವರ ಹಿಂದೆಯೇ ಬಂದ ವಿಲಿಯಂ ಆರ್ಥರ್ ಗುಬ್ಬಿಯಲ್ಲಿ ಕಂಡದ್ದನ್ನು 1847ರಲ್ಲಿ ಅಚ್ಚು ಹಾಕಿಸಿದರು.

ಆಗ ಊರಿನ ಓದು ಕೂಲಿಮಠದಲ್ಲಿ. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಬೇಕು, ಆಮೇಲೆ ಬಳಪ ಹಿಡಿದು ಕಡತದ ಮೇಲೆ ಬರೆಯಬೇಕು. ಮಗ್ಗಿ, ಅಮರಕೋಶ ಬಾಯಿಪಾಠ. ತಪ್ಪಿದರೆ ಕೋದಂಡದ ಶಿಕ್ಷೆ. ಮಾರ್ನಮಿ ಬಂದರೆ ಮಠದ ಗುರುಗಳಾದ ಐಗಳ ಜೊತೆ ಚೌಪದ ಹಾಡುತ್ತ ಮನೆಮನೆಗೆ ಹೋಗುವ ಸಂಭ್ರಮ. ಮಠದ ಹೊಸ್ತಿಲು ತುಳಿದವರು ಕೆಲವೇ ಹುಡುಗರು. ಮಿಕ್ಕವರು ದನ ಕಾಯುತ್ತಿದ್ದರು, ಕವಣೆ ಬೀಸಿ ಹೊಲದ ಹಕ್ಕಿ ಓಡಿಸುತ್ತಿದ್ದರು. ಹೆಣ್ಣುಮಕ್ಕಳ ಪಾಡನ್ನು ಒಂದು ಕಾಯಿದೆಯೇ ಹೇಳುತ್ತದೆ: ಎಂಟು ತುಂಬದ ಹುಡುಗಿಗೆ ಮದುವೆ ಮಾಡಬಾರದೆಂದು ಮೈಸೂರು ಸರ್ಕಾರ 1894ರಲ್ಲಿ ಕಟ್ಟಳೆ ತರಬೇಕಾಯಿತು.

1868ರಲ್ಲಿ ಮೈಸೂರಿನ ಶಿಕ್ಷಣ ಇಲಾಖೆಯ ಬಿ.ಎಲ್. ರೈಸ್ ಹೋಬಳಿಗೊಂದು ಶಾಲೆಯ ಯೋಜನೆ ರೂಪಿಸಿದರು. ಸರ್ಕಾರಿ ಶಾಲೆ ಹಳ್ಳಿಯತ್ತ ಹೊರಟದ್ದು ಹೀಗೆ. ಅಷ್ಟರಲ್ಲಿ 1876–78ರ ಬರ ಬಂತು. 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕಿಳಿಯಿತು. ತಬ್ಬಲಿಗಳಾದ ಗಂಡುಮಕ್ಕಳಿಗೆ ತುಮಕೂರಿನಲ್ಲಿ ಮಿಷನ್ನಿನ ಅನಾಥಾಲಯವೇ ಮನೆಯಾಯಿತು.

ಬರದ ಬೆನ್ನಿಗೆ, 1884ರಲ್ಲಿ, ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣ ಎಂದು ಹೆಸರಾದ, 1891ರಲ್ಲಿ ಹುಟ್ಟಿದ ವೀರಣ್ಣ ಎಳೆಯ ವಯಸ್ಸಿನಲ್ಲೇ ಅದನ್ನು ಸೇರಿದರು. ಆಟ, ಪಾಠ, ದುಡಿಮೆ ಮೂರೂ ಅವರಿಗೆ ರಂಗದ ಮೇಲೆಯೇ ಆಯಿತು. ಇಂಥ ಮಕ್ಕಳೂ ಶಾಲೆಗೆ ಬರಲೇಬೇಕೆನ್ನುವ ಕಾಲ ಇನ್ನೂ ದೂರವಿತ್ತು: ಮೈಸೂರಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದದ್ದು 1913ರಲ್ಲಿ, ರಾಣಿ ತೀರಿ ಹನ್ನೆರಡು ವರ್ಷದ ಮೇಲೆ.

ಈ ಚರಿತ್ರೆಯನ್ನು ಮಕ್ಕಳಿಗೆ ತಮ್ಮ ಊರಿನಿಂದಲೇ ಕಲಿಸಬೇಕು. ತರಗತಿಗೆ ಒಂದು ಬುಟ್ಟಿ ಮರಳು ತನ್ನಿ. ಒಂದು ದಿನ ಅದರ ಮೇಲೆ ಬರೆಯಲಿ. ನಿಟ್ಟೂರು, ಚೇಳೂರು, ಕುಣಿಗಲ್ಲಿನ ಹುಲಿಯೂರುದುರ್ಗ, ಅಮೃತೂರುಗಳ ಹಳೆಯ ಶಾಲೆಗಳಲ್ಲಿ ದಾಖಲಾತಿ ಪುಸ್ತಕ ಉಳಿದಿದ್ದರೆ ತೆರೆದು ತೋರಿಸಿ. ಯಾವ ಮನೆಯ ಮಕ್ಕಳ ಹೆಸರಿದೆ, ಯಾರದಿಲ್ಲ, ಹುಡುಗಿಯ ಹೆಸರು ಯಾವ ವರ್ಷ ಮೊದಲು ಬಂತು ಎಂದು ಅವರೇ ಹುಡುಕಲಿ. ಶಾಲೆಗೆ ಬರುವುದು ಎಲ್ಲರ ಹಕ್ಕಾಗಲು ಎಷ್ಟು ಕಾಲ ಹಿಡಿಯಿತೆಂದು ಆಗ ಅವರಿಗೆ ತಿಳಿಯುತ್ತದೆ. ಇಂದಿಗೂ ಬೆಂಚಿಗೆ ಬಾರದ ಮಗುವನ್ನು ಹುಡುಕಿ ಕರೆತರುವ ಮನಸ್ಸೂ ಹುಟ್ಟುತ್ತದೆ.