ಕಾರಿನ ಕೀ ಕೆಟ್ಟಾಗ: ಹೊಸದೇ ಬೇಕೆ, ರಿಪೇರಿ ಸಾಕೆ?

ಮಗು ಕಾರಿನಲ್ಲಿ ಹಟ ಮಾಡಿದಾಗ ಕೈಗೆ ಕಾರಿನ ಕೀ ಕೊಟ್ಟು ಸಮಾಧಾನ ಮಾಡಿದ್ದೀರಾ? ನಾನು ಮಾಡಿದ್ದೇನೆ. ಸೈಬರ್‌ಜಯಾದ ಒಂದು ಅಂಗಡಿ ಸಾಲಿನ ಹಿಂದಿನ ಪಾರ್ಕಿಂಗ್ ಜಾಗ, ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ನಾಲ್ಕು ವರ್ಷದ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಕೀ ಅವಳ ಕೈಗೆ ಕೊಟ್ಟು, ಬಾಗಿಲು ಮುಚ್ಚಿ ಡಿಕ್ಕಿಗೆ ಸಾಮಾನು ಇಡಲು ಹೊರಟೆ. ನಾನು ಹಿಂದೆ ತಲುಪುವಷ್ಟರಲ್ಲಿ ಟಕ್ ಅಂತು. ನಾಲ್ಕು ಬಾಗಿಲು, ಡಿಕ್ಕಿ ಎಲ್ಲ ಲಾಕ್.

"ಇನ್ನೊಂದು ಬಟನ್ ಒತ್ತು ಪುಟ್ಟಿ" ಅಂದೆ. ಒತ್ತಿದಳು, ಮತ್ತೆ ಒತ್ತಿದಳು. ಬಾಗಿಲು ತೆರೆಯಲಿಲ್ಲ. ಆ ಬಟನ್ ಒಂದು ತಿಂಗಳಿಂದ ಕೈಕೊಡುತ್ತಿತ್ತು. ಉಗುರಿನಿಂದ ಬಲವಾಗಿ ಒತ್ತಿದರೆ ಮಾತ್ರ ಕೆಲವೊಮ್ಮೆ ಕೆಲಸ ಮಾಡುತ್ತಿತ್ತು. ಡೀಲರ್ ಸರ್ವಿಸ್ ಸೆಂಟರ್‌ನಲ್ಲಿ ತೋರಿಸಿದ್ದೆ. ಕೌಂಟರ್‌ನಲ್ಲಿದ್ದವರು ಕೀಯನ್ನು ಬಿಚ್ಚಿಯೂ ನೋಡದೆ "ರಿಪೇರಿ ಇಲ್ಲ, ಹೊಸ ಕೀ, ಪ್ರೋಗ್ರಾಮಿಂಗ್ ಸೇರಿ 850 ರಿಂಗಿಟ್" ಅಂದಿದ್ದರು. ಎಂಟು ವರ್ಷದ ಕಾರಿಗೆ ಇಷ್ಟೊಂದು ದುಡ್ಡೇ, ಮುಂದಿನ ತಿಂಗಳು ನೋಡೋಣ ಎಂದು ಮುಂದೂಡಿದ್ದೆ.

ಗಾಬರಿಯಲ್ಲಿ ಬಾಯಿಗೆ ಬಂದದ್ದು ದಾವಣಗೆರೆಯ ತವರುಮನೆಯ ಕನ್ನಡ. "ಬೆಲ್ಟ್ ಬಿಚ್ಚು, ಮುಂದಿನ ಸೀಟಿಗೆ ಬಾ, ಚಿಲಕ ಎಳಿ!" ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಇರುವುದರಿಂದ ಅದು ಒಳಗಿನಿಂದ ತೆರೆಯುವುದಿಲ್ಲ. ಬೆಲ್ಟ್ ಬಿಚ್ಚಿದಳು, ಮುಂದೆ ದಾಟಿ ಬಂದಳು, ಅಲ್ಲಿ ನಿಂತುಬಿಟ್ಟಳು. ಗಾಜಿನ ಆಚೆಯಿಂದ ಕೇಳಿದಳು: "ಚಿಲಕ ಅಂದ್ರೆ ಏನಮ್ಮ?"

ನಮ್ಮ ಕಾಂಡೊದಲ್ಲಿ ಚಿಲಕ ಇರುವ ಬಾಗಿಲು ಒಂದೂ ಇಲ್ಲ. ಮಗು ಆ ಪದವನ್ನು ಎಲ್ಲಿ ಕೇಳಬೇಕು? ಗಾಜಿನ ಮೇಲೆ ಬೆರಳಿಟ್ಟು ತೋರಿಸಿದೆ. ಎಳೆದಳು, ಬಾಗಿಲು ತೆರೆಯಿತು. ನಾಲ್ಕು ನಿಮಿಷ ಆಗಿರಬಹುದು. ಅವಳು ಬೆವರಿ ಒದ್ದೆಯಾಗಿದ್ದಳು, ನನ್ನ ಕೈ ನಡುಗುತ್ತಿತ್ತು.

ಆದ್ದರಿಂದ ಮುಖ್ಯವಾದ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಮಗು ಕಾರಿನೊಳಗೆ ಸಿಕ್ಕಿಕೊಂಡು ಕೂಡಲೇ ಬಾಗಿಲು ತೆರೆಯಲಾಗದಿದ್ದರೆ, ಮಲೇಷ್ಯಾದಲ್ಲಿ 999ಕ್ಕೆ ಕರೆ ಮಾಡಿ. ಮಗು ಸೋತಂತೆ ಕಂಡರೆ ಕಾಯಬೇಡಿ, ಮಗುವಿನಿಂದ ದೂರದ ಕಿಟಕಿಯ ಗಾಜು ಒಡೆಯಿರಿ. ಎರಡನೆಯದು, ಕೀಯೊಳಗಿನ ಬಿಲ್ಲೆಯಂಥ ಸೆಲ್. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಖಾಲಿಯಾಗಿದೆ ಎಂದು ಬಿಸಾಡಿದ ಸೆಲ್ಲಿನಿಂದಲೂ ಅಪಾಯ ತಪ್ಪಿದ್ದಲ್ಲ. ನುಂಗಿರಬಹುದು ಎಂಬ ಅನುಮಾನ ಬಂದರೂ ವಾಂತಿ ಮಾಡಿಸದೆ ನೇರ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಕೀ ಆಟದ ಸಾಮಾನಲ್ಲ. ನಾನು ಕಲಿತದ್ದು ತಡವಾಗಿ.

ಕೀಯೊಳಗೆ ಏನಿದೆ?

ಸಂಶೋಧನೆ ನನ್ನ ಕೆಲಸ. ಪ್ರಯೋಗಾಲಯದಲ್ಲಿ ಒಂದು ಉಪಕರಣ ಕೆಟ್ಟರೆ, ಯಾವ ಭಾಗ ಕೆಟ್ಟಿದೆ ಎಂದು ಹುಡುಕದೆ ಹೊಸದನ್ನು ಕೊಳ್ಳುವುದಿಲ್ಲ. ಅದೇ ಪ್ರಶ್ನೆಯನ್ನು ಕಾರಿನ ಕೀ ಬಗ್ಗೆ ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಸಾಮಾನ್ಯವಾಗಿ ಒಂದೇ ಕೀಯೊಳಗೆ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಮೊದಲನೆಯದು ರಿಮೋಟ್. ಬಟನ್ ಒತ್ತಿದಾಗ ಸೆಲ್ಲಿನ ಶಕ್ತಿಯಿಂದ ರೇಡಿಯೊ ಸಂಕೇತ ಹೋಗುತ್ತದೆ. ಹೆಚ್ಚಾಗಿ 433 ಅಥವಾ 315 ಮೆಗಾಹರ್ಟ್ಸ್‌ನಲ್ಲಿ. ಕಳ್ಳರು ಆ ಸಂಕೇತವನ್ನು ಹಿಡಿದಿಟ್ಟು ಮತ್ತೆ ಬಳಸದಂತೆ, ಪ್ರತಿ ಸಲ ಒತ್ತಿದಾಗಲೂ ಕೋಡ್ ಬದಲಾಗುತ್ತದೆ. ಕೀ ಮತ್ತು ಕಾರು ಎರಡೂ ಲೆಕ್ಕ ಇಟ್ಟುಕೊಂಡು ಒಟ್ಟಿಗೆ ಮುಂದೆ ಸಾಗುತ್ತವೆ. ಮಗು ಮನೆಯಲ್ಲಿ ಕೂತು ನೂರಾರು ಸಲ ಒತ್ತಿದರೆ ಈ ಲೆಕ್ಕ ತಪ್ಪಿಹೋಗಬಹುದು.

ಎರಡನೆಯದು ಇಮೊಬಿಲೈಸರ್ ಚಿಪ್. ಎಂಜಿನ್ ಚಾಲೂ ಮಾಡಲು ಅನುಮತಿ ಕೊಡುವುದು ಇದು. ಇದಕ್ಕೆ ಸೆಲ್ಲೇ ಬೇಡ. ಎಂಆರ್‌ಟಿ ಗೇಟಿನಲ್ಲಿ ತಾಗಿಸುವ ಟಚ್ ಎನ್ ಗೋ ಕಾರ್ಡಿನಲ್ಲಿ ಬ್ಯಾಟರಿ ಇಲ್ಲ, ಗೇಟಿನಿಂದಲೇ ಶಕ್ತಿ ಪಡೆಯುತ್ತದೆ ಅಲ್ಲವೇ? ಇದೂ ಹಾಗೆಯೇ. ಅದಕ್ಕೇ ಸೆಲ್ ಪೂರ್ತಿ ಸತ್ತರೂ, ಎಷ್ಟೋ ಕಾರುಗಳಲ್ಲಿ ಕೀಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದರೆ ಎಂಜಿನ್ ಚಾಲೂ ಆಗುತ್ತದೆ. ಬಾಗಿಲು ತೆರೆಯಲು ಕೀಯ ಹೊಟ್ಟೆಯಲ್ಲೇ ಒಂದು ಸಣ್ಣ ಲೋಹದ ಕೀ ಅಡಗಿರುತ್ತದೆ. ನಿಮ್ಮದರಲ್ಲಿ ಎಲ್ಲಿದೆ ಎಂದು ಇವತ್ತೇ ಹುಡುಕಿಡಿ.

ಮನೆಯಲ್ಲೇ ಐದು ನಿಮಿಷದ ಪರೀಕ್ಷೆ

ಮೊದಲು ಬೀರುವಿನಲ್ಲಿರುವ ಎರಡನೇ ಕೀ ತಂದು ನೋಡಿ. ಅದು ಸರಿಯಾಗಿ ಕೆಲಸ ಮಾಡಿದರೆ ತೊಂದರೆ ಇರುವುದು ಕೀಯಲ್ಲಿ, ಕಾರಿನಲ್ಲಲ್ಲ. ಎರಡೂ ಕೆಲಸ ಮಾಡದಿದ್ದರೆ ಕಾರಿನ ಬ್ಯಾಟರಿ ಇಳಿದಿರಬಹುದು, ರಿಸೀವರ್ ಕೆಟ್ಟಿರಬಹುದು, ಅಥವಾ ಆ ಜಾಗದಲ್ಲಿ ಬೇರೆ ರೇಡಿಯೊ ಸಂಕೇತಗಳ ಅಡಚಣೆ ಇರಬಹುದು.

ದೂರದಿಂದ ತೆರೆಯುತ್ತಿದ್ದ ಬಾಗಿಲು ಈಗ ಹತ್ತಿರ ಹೋದರೆ ಮಾತ್ರ ತೆರೆಯುತ್ತಿದ್ದರೆ, ಹೆಚ್ಚಾಗಿ ಅದು ಸೆಲ್ಲಿನ ಸಮಸ್ಯೆ. ಸೆಲ್ಲಿನ ಮೇಲಿನ ಹೆಸರು ನೋಡಿಕೊಂಡು ಅದೇ ತನ್ನಿ. ಸಿಆರ್2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅಳತೆ ಹೆಸರಿನಲ್ಲೇ ಇದೆ. ಲಾಕ್ ಆಗುತ್ತದೆ, ಅನ್‌ಲಾಕ್ ಮಾತ್ರ ಆಗುವುದಿಲ್ಲ ಎಂದಾದರೆ ಆ ಒಂದು ಬಟನ್ನಿನ ಕೆಳಗಿನ ಪುಟಾಣಿ ಸ್ವಿಚ್ ಸವೆದಿರುವ ಸಾಧ್ಯತೆ ಹೆಚ್ಚು. ನನ್ನದು ಇದೇ. ಬಾಗಿಲು ತೆರೆದರೂ ಎಂಜಿನ್ ಚಾಲೂ ಆಗದೆ ಕೀ ಚಿತ್ರದ ದೀಪ ಮಿನುಗಿದರೆ ಇಮೊಬಿಲೈಸರ್ ಕಡೆ ನೋಡಬೇಕು. ಲೆಕ್ಕ ತಪ್ಪಿದ ಕೀಯನ್ನು ಮತ್ತೆ ಹೊಂದಿಸುವ ಕ್ರಮ ಎಷ್ಟೋ ಕಾರುಗಳ ಕೈಪಿಡಿಯಲ್ಲೇ ಇರುತ್ತದೆ.

ಡೀಲರೋ, ಗ್ಯಾರೇಜೋ?

ಮರುದಿನ ಸಹೋದ್ಯೋಗಿಯೊಬ್ಬರು ಹೇಳಿದ ಸಣ್ಣ ಗ್ಯಾರೇಜಿಗೆ ಮಗಳನ್ನೂ ಕರೆದುಕೊಂಡು ಹೋದೆ. ಮೆಕ್ಯಾನಿಕ್ ನಮ್ಮ ಎದುರೇ ಕೀ ಬಿಚ್ಚಿ, ಮಲ್ಟಿಮೀಟರ್ ಹಿಡಿದು, ಸವೆದ ಸ್ವಿಚ್ ತೋರಿಸಿದರು. ಬೆಸುಗೆ ಬಿಡಿಸಿ ಹೊಸ ಸ್ವಿಚ್ ಕೂರಿಸಿದರು. ಅಕ್ಕಿ ಕಾಳಿಗಿಂತ ತುಸು ದೊಡ್ಡದು ಅಷ್ಟೇ. ಸೆಲ್ಲನ್ನೂ ಬದಲಿಸಿ 45 ರಿಂಗಿಟ್ ತೆಗೆದುಕೊಂಡರು. ಹಳೆಯ ಸ್ವಿಚ್ಚನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು.

ಹಾಗೆಂದು ಡೀಲರ್ ಎಂದರೆ ಮೋಸ, ಗ್ಯಾರೇಜ್ ಎಂದರೆ ಪ್ರಾಮಾಣಿಕ ಎಂದು ನಾನು ಹೇಳುತ್ತಿಲ್ಲ. ಕಾರು ವಾರಂಟಿಯಲ್ಲಿದ್ದರೆ, ಕಂಪನಿ ರೀಕಾಲ್ ಮಾಡಿದ್ದರೆ, ಹೊಸ ಮಾದರಿಯ ಕಾರಿನ ಎಲ್ಲ ಕೀಗಳೂ ಕಳೆದುಹೋಗಿದ್ದರೆ ಡೀಲರ್ ಹತ್ತಿರ ಹೋಗುವುದೇ ಸರಿ. ಆದರೆ ಡೀಲರ್ ಕೌಂಟರ್‌ನಲ್ಲಿ ಸಾಮಾನ್ಯವಾಗಿ ಇಡೀ ಬಿಡಿಭಾಗವನ್ನೇ ಬದಲಿಸುತ್ತಾರೆ. ಅದರೊಳಗಿನ ಪುಟ್ಟ ಸ್ವಿಚ್ಚಿಗೆ ಅವರ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ವಾರಂಟಿ ಮುಗಿದ ಕಾರಿನ ಸಣ್ಣ ತೊಂದರೆಗೆ ಒಳ್ಳೆಯ ಗ್ಯಾರೇಜ್ ಸಾಕು.

ಇದು ನನ್ನೊಬ್ಬಳ ಗೊಣಗಾಟವೂ ಅಲ್ಲ. ಬಿಡಿಭಾಗ ಮತ್ತು ದೋಷ ಪತ್ತೆ ಮಾಡುವ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿ ಹೋದವು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2012ರಲ್ಲಿ ಮತದಾರರೇ ಗ್ಯಾರೇಜುಗಳ ಪರವಾದ ಇಂಥ ಕಾನೂನಿಗೆ ಒಪ್ಪಿಗೆ ಕೊಟ್ಟರು.

ಗ್ಯಾರೇಜಿನಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ. ಬದಲಿಸುವ ಮೊದಲು ಪರೀಕ್ಷೆ ಮಾಡಿ ತೋರಿಸುತ್ತೀರಾ? ಹಳೆಯ ಭಾಗ ವಾಪಸ್ ಕೊಡುತ್ತೀರಾ? ರಸೀದಿ, ಕೆಲಸಕ್ಕೆ ಗ್ಯಾರಂಟಿ ಇದೆಯೇ? ಹೊಸ ಕೀ ಪ್ರೋಗ್ರಾಮ್ ಮಾಡಿಸುವುದಾದರೆ, ಕಾರಿನ ನೆನಪಿನಲ್ಲಿ ಈಗ ಎಷ್ಟು ಕೀಗಳಿವೆ, ಕಳೆದುಹೋದದ್ದನ್ನು ಅಳಿಸಿದ್ದೀರಾ? ಈ ಕೊನೆಯ ಪ್ರಶ್ನೆ ಮರೆಯಬೇಡಿ. ನಿಮಗೆ ಗೊತ್ತಿಲ್ಲದ ಮೂರನೇ ಕೀ ನಿಮ್ಮ ಕಾರಿಗೆ ಇರಬಾರದು. ಉತ್ತರ ಕೊಡಲು ಬೇಸರಪಡುವವರನ್ನು ಬಿಟ್ಟು ಮುಂದಿನ ಅಂಗಡಿಗೆ ಹೋಗಿ.

ಕುಂಚಿ, ಕೀಲಿ, ಚಿಲಕ

ಗ್ಯಾರೇಜಿನ ಪಕ್ಕದಲ್ಲಿ ಬೀಗದ ಅಂಗಡಿಯೊಂದಿತ್ತು. ಬೋರ್ಡಿನಲ್ಲಿ 'ಕೆದಾಯ್ ಕುಂಚಿ' ಎಂದಿತ್ತು. ಮಗಳು ತಡವರಿಸುತ್ತ ಓದಿದಳು. ಮಲಯದ ಕುಂಚಿ ಸಂಸ್ಕೃತದ ಕುಂಚಿಕಾದಿಂದ ಬಂದದ್ದು, ಹಿಂದಿಯ ಕುಂಜಿಯೂ ಅದೇ. ಕೆದಾಯ್ ತಮಿಳಿನ ಕಡೈ, ಅಂಗಡಿ. ಇದನ್ನೆಲ್ಲ ಅವಳಿಗೆ ಹೇಳಿದೆ. ಅರ್ಧ ಕೇಳಿಸಿಕೊಂಡಳು.

ನಾವು ಮಕ್ಕಳಿಗೆ ಕನ್ನಡದಲ್ಲಿ ಹಣ್ಣು, ಪ್ರಾಣಿ, ಬಣ್ಣಗಳ ಹೆಸರು ಕಲಿಸುತ್ತೇವೆ. ತೆಗಿ, ಎಳಿ, ತಿರುಗಿಸು, ಬಿಚ್ಚು, ಚಿಲಕ, ಹಿಡಿ ಎಂಬ ಕೈಕೆಲಸದ ಮಾತುಗಳು ಬಿಟ್ಟುಹೋಗುತ್ತವೆ. ಗಾಬರಿಯಲ್ಲಿ ನಮ್ಮ ಬಾಯಿಗೆ ಬರುವುದು ಅವೇ. ಈ ವಾರಾಂತ್ಯ ಕಾರು ನಿಂತಿರುವಾಗ, ನೀವೂ ಒಳಗೆ ಕೂತು, ಮಗುವಿನಿಂದ ಬೆಲ್ಟ್ ಬಿಚ್ಚಿಸಿ, ಮುಂದಿನ ಬಾಗಿಲು ತೆರೆಸಿ, ಹಾರ್ನ್ ಒತ್ತಿಸಿ. ಸೂಚನೆಗಳನ್ನೆಲ್ಲ ಕನ್ನಡದಲ್ಲೇ ಕೊಡಿ.

ನಮ್ಮ ಮನೆಯಲ್ಲಿ ಇದು ಈಗ ಆಟವಾಗಿದೆ. ಮೊನ್ನೆ ದಾವಣಗೆರೆಗೆ ವಿಡಿಯೊ ಕರೆ ಮಾಡಿದಾಗ, "ಅಜ್ಜಿ, ನಿಮ್ಮನೆ ಚಿಲಕ ತೋರ್ಸಿ" ಅಂದಳು. ಅಜ್ಜಿ ಫೋನ್ ಹಿಡಿದುಕೊಂಡು ಮುಂಬಾಗಿಲು, ಹಿತ್ತಲ ಬಾಗಿಲು, ದೇವರ ಕೋಣೆ, ಎಲ್ಲ ಬಾಗಿಲಿನ ಚಿಲಕವನ್ನೂ ತೋರಿಸಿದರು.