ಗಾಲ್ಫ್ ಆಟದಲ್ಲಿ ಹೊತ್ತಿನ ಲೆಕ್ಕ

ಬೆಳೆಗಾರ ಬಂಧುಗಳಲ್ಲಿ ಕೆಲವರು ಈ ತಲೆಬರಹವನ್ನು ಕಂಡು ಹುಬ್ಬೇರಿಸಬಹುದು. ಕೊಳೆರೋಗ, ಬೋರ್ಡೋ ದ್ರಾವಣ, ಕಾಂಡಕೊರಕ ಎಂದು ಬರೆಯುತ್ತಿದ್ದವರಿಗೆ ಗಾಲ್ಫ್ ಆಟದ ಉಸಾಬರಿ ಏಕೆ ಎಂದು ಕೇಳಿದರೆ ಆಶ್ಚರ್ಯವಿಲ್ಲ. ನಮ್ಮ ಆಡೂರಿನ ಹೆಸರಿನಲ್ಲಿಯೇ ‘ಆಡು’ ಎಂಬುದು ಇದ್ದರೂ ಇಲ್ಲಿ ಗಾಲ್ಫ್ ಮೈದಾನವಿಲ್ಲ. ಆದರೆ ಕಾಫಿ ಸೀಮೆಗೂ ಈ ಆಟಕ್ಕೂ ಹಳೆಯ ನಂಟಿದೆ. ಬ್ರಿಟಿಷ್ ಪ್ಲಾಂಟರುಗಳ ಕಾಲದಲ್ಲಿ ಬಂದ ಆಟ ಅವರು ಹೋದ ಮೇಲೂ ಉಳಿಯಿತು. ಮಡಿಕೇರಿ, ವಿರಾಜಪೇಟೆ ಬಳಿಯ ಬಿಟ್ಟಂಗಾಲ, ಚಿಕ್ಕಮಗಳೂರು, ಈ ಕಡೆಗಳಲ್ಲಿ ಮೈದಾನಗಳಿವೆ. ಅಲ್ಲಿ ಆಡುವವರಲ್ಲಿ ಬೆಳೆಗಾರರು ಅನೇಕರು. ನಮ್ಮ ಕಡೆಯಿಂದ ಬೀಗರ ಮನೆಗೋ, ತೋಟದ ಕೆಲಸಕ್ಕೋ ಅಲ್ಲಿಗೆ ಹೋದವರನ್ನು ಅವರು ‘ಬನ್ನಿ, ಒಂದು ಸುತ್ತು ಆಡೋಣ’ ಎಂದು ಕರೆಯುವುದುಂಟು. ಹೋದವರು ಹಿಂತಿರುಗಿ ಹೇಳುವ ಮಾತು ಬಹುಮಟ್ಟಿಗೆ ಒಂದೇ: ಜಾಗ ಚೆಲುವಾಗಿದೆ, ಗಾಳಿ ಹಿತವಾಗಿದೆ, ಆದರೆ ದಿನವೆಲ್ಲ ಅಲ್ಲಿಯೇ ಕಳೆಯಿತು.

ಈ ದೂರು ನಮ್ಮವರದಷ್ಟೇ ಅಲ್ಲ, ಲೋಕದ ಎಲ್ಲ ಗಾಲ್ಫ್ ಮೈದಾನಗಳಲ್ಲಿಯೂ ಇದೇ ದೂರು. ಆದರೆ ಸಣ್ಣ ಹಿಡುವಳಿದಾರನಿಗೆ ಇದು ಬರೀ ಬೇಸರದ ಮಾತಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನ ಮೈದಾನ ಕೆಸರಾಗಿರುತ್ತದೆ. ನೆಲ ಒಣಗಿ ಹುಲ್ಲು ಹದಕ್ಕೆ ಬಂದು ಆಟಕ್ಕೆ ಸೊಗಸಾಗುವುದು ನವೆಂಬರಿನ ಮೇಲೆ. ಅದೇ ಹೊತ್ತಿಗೆ ಅರೇಬಿಕಾ ಹಣ್ಣಿನ ಕೊಯ್ಲು, ಅದೇ ಹೊತ್ತಿಗೆ ಅಡಿಕೆ ಗೊನೆ ಇಳಿಸುವುದು, ಸುಲಿಸುವುದು, ಬೇಯಿಸುವುದು, ಒಣಗಿಸುವುದು. ದೊಡ್ಡ ಎಸ್ಟೇಟಿನವರಿಗೆ ರೈಟರು, ಮೇಸ್ತ್ರಿಗಳಿದ್ದಾರೆ. ಎರಡು ಮೂರು ಎಕರೆಯವನು ಸಂಜೆ ಹಣ್ಣು ತೂಗುವ ಹೊತ್ತಿಗೆ ಕಣದಲ್ಲಿ ತಾನೇ ಇರಬೇಕು. ಎರಡು ತಾಸಿನಲ್ಲಿ ಮುಗಿಯುವ ಆಟವಾದರೆ ಅವನೂ ಆಡಬಲ್ಲ, ಐದು ತಾಸು ಹಿಡಿದರೆ ಅವನ ಪಾಲಿಗೆ ಅದು ಇಲ್ಲವಾದಂತೆಯೇ. ಆದುದರಿಂದ ಈ ಹೊತ್ತು ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಿದ್ದೇವೆ.

ಆಟ ಅರಿಯದವರಿಗಾಗಿ ಎರಡು ಮಾತು. ಮೈದಾನದಲ್ಲಿ 18 ಕುಳಿಗಳು, ಸಣ್ಣ ಮೈದಾನಗಳಲ್ಲಿ 9. ಪ್ರತಿಯೊಂದಕ್ಕೂ ‘ಟೀ’ ಎಂಬ ಆರಂಭದ ಜಾಗವಿದೆ. ಅಲ್ಲಿಂದ ನೂರು ಗಜದಿಂದ ಐನೂರು ಗಜದವರೆಗೆ ದೂರದಲ್ಲಿ ‘ಗ್ರೀನ್’ ಎಂಬ ನುಣುಪಾದ ಹುಲ್ಲಿನ ಅಂಗಳ, ಅದರಲ್ಲಿ ಕುಳಿ, ಕುಳಿಯಲ್ಲಿ ಬಾವುಟದ ಕೋಲು. ಚೆಂಡನ್ನು ಕೋಲಿನಿಂದ ಹೊಡೆಯುತ್ತ ಆದಷ್ಟು ಕಡಿಮೆ ಹೊಡೆತಗಳಲ್ಲಿ ಕುಳಿಗೆ ಬೀಳಿಸಬೇಕು. ಸಾಮಾನ್ಯವಾಗಿ ನಾಲ್ವರು ಕೂಡಿ ಹೊರಡುತ್ತಾರೆ.

ಚಿನ್ನಿದಾಂಡಿನಲ್ಲಿ ಚಿನ್ನಿ ಎಗರಿದೊಡನೆ ಹೊಡೆಯಬೇಕು. ಕ್ರಿಕೆಟ್ಟಿನಲ್ಲಿ ಚೆಂಡು ತಾನಾಗಿ ಮೈಮೇಲೆ ಬರುತ್ತದೆ. ಗಾಲ್ಫಿನಲ್ಲಿ ಮಾತ್ರ ಚೆಂಡು ನಾವು ಹೊಡೆಯುವವರೆಗೆ ಹುಲ್ಲಿನಲ್ಲಿ ಸುಮ್ಮನೆ ಕುಳಿತಿರುತ್ತದೆ. ಅವಸರಪಡಿಸುವವರು ಯಾರೂ ಇಲ್ಲ. ಆಟದ ನೆಮ್ಮದಿ ಇರುವುದು ಇದರಲ್ಲಿಯೇ, ಆಟದ ರೋಗವಿರುವುದೂ ಇದರಲ್ಲಿಯೇ.

ಲೆಕ್ಕ ಹಾಕಿ ನೋಡೋಣ. ಸಾಧಾರಣ ಆಟಗಾರನೊಬ್ಬ 18 ಕುಳಿಗೆ 90 ಹೊಡೆತ ತೆಗೆದುಕೊಂಡನೆಂದಿಟ್ಟುಕೊಳ್ಳಿ. ನಾಲ್ವರದು ಸೇರಿ 360. ಒಬ್ಬೊಬ್ಬರಾಗಿ ಹೊಡೆಯುವಾಗ ಪ್ರತಿ ಹೊಡೆತಕ್ಕೆ 20 ಸೆಕೆಂಡು ಹಿಡಿದರೆ ಒಟ್ಟು 2 ತಾಸು. 30 ಸೆಕೆಂಡು ಹಿಡಿದರೆ 3 ತಾಸು. ಮೈದಾನದ ಉದ್ದ 6,000 ಗಜವಾದರೆ ಸುಮಾರು ಐದೂವರೆ ಕಿಲೋಮೀಟರ್. ಚೆಂಡು ಹೋದತ್ತ ಅಂಕುಡೊಂಕಾಗಿ ನಡೆಯುವುದರಿಂದ ಅದು ಎಂಟರ ಹತ್ತಿರ ಬರುತ್ತದೆ. ನಡೆಯಲು ಒಂದೂವರೆ ತಾಸು ಕೊಡಿ. ಅಂದರೆ ಹೊಡೆತಕ್ಕೆ 20 ಸೆಕೆಂಡಿನವರು ಮೂರೂವರೆ ತಾಸಿನಲ್ಲಿ, 30 ಸೆಕೆಂಡಿನವರು ನಾಲ್ಕೂವರೆ ತಾಸಿನಲ್ಲಿ ಮನೆಗೆ. ಹತ್ತು ಸೆಕೆಂಡು ಎಂದರೆ ಒಮ್ಮೆ ಕೋಲನ್ನು ಗಾಳಿಯಲ್ಲಿ ಬೀಸಿ ನೋಡಿ, ಕೈಚೀಲ ಸರಿಪಡಿಸಿಕೊಂಡಷ್ಟು ಹೊತ್ತು. ಅದರ ಬೆಲೆ ಒಂದು ತಾಸು! ಸಾವಕಾಶವಾಗಿ ನಡೆಯುವುದರಿಂದ ಆಟ ತಡವಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ನಡಿಗೆಯಲ್ಲಿ ಮಾತಾಡಿ, ಮರ ನೋಡಿ, ಹಕ್ಕಿ ನೋಡಿ, ಅಡ್ಡಿಯಿಲ್ಲ. ಹೊತ್ತು ತಿನ್ನುವುದು ಚೆಂಡಿನ ಬಳಿ ನಿಂತ ಮೇಲಿನ ಧ್ಯಾನ.

ಇನ್ನೊಂದು ಕಾರಣ ನಮ್ಮ ಓದುಗರಿಗೆ ಬೇಗ ಅರ್ಥವಾದೀತು. ಪಲ್ಪರ್ ಯಂತ್ರ ಗಂಟೆಗೆ ಇಷ್ಟು ಹಣ್ಣು ನುಂಗುತ್ತದೆ ಎಂದು ಇರುತ್ತದೆ. ಕೊಯ್ದವರು ಅದಕ್ಕಿಂತ ಬೇಗ ತಂದು ಸುರಿದರೆ ಬಾಯಿಯ ಬಳಿ ರಾಶಿ ಬೀಳುತ್ತದೆಯೇ ಹೊರತು ಕೆಲಸ ಬೇಗ ಆಗುವುದಿಲ್ಲ. ಮೈದಾನದಲ್ಲಿ ಈ ಯಂತ್ರದ ಬಾಯಿ ಎಂದರೆ ‘ಪಾರ್ ತ್ರೀ’ ಎನ್ನುವ ಗಿಡ್ಡ ಕುಳಿ. ಉದ್ದದ ಕುಳಿಯಲ್ಲಿ ಮುಂದಿನವರು ಎರಡನೆಯ ಹೊಡೆತ ಹೊಡೆದು ಸಾಗಿದರೆ ಹಿಂದಿನವರು ಆರಂಭಿಸಬಹುದು. ಗಿಡ್ಡ ಕುಳಿಯಲ್ಲಿ ಹಾಗಿಲ್ಲ, ಮುಂದಿನ ನಾಲ್ವರು ಗ್ರೀನ್ ಬಿಟ್ಟು ಹೊರಬಂದ ಮೇಲೆಯೇ ಹಿಂದಿನವರು ಕೋಲೆತ್ತಬೇಕು. ಒಂದು ತಂಡಕ್ಕೆ ಅಲ್ಲಿ 10 ನಿಮಿಷ ಬೇಕಾಗಿ, ಆರಂಭದಲ್ಲಿ 8 ನಿಮಿಷಕ್ಕೊಂದು ತಂಡವನ್ನು ಬಿಟ್ಟರೆ, ಎರಡನೆಯ ತಂಡ 2 ನಿಮಿಷ ಕಾಯುತ್ತದೆ, ಮೂರನೆಯದು 4, ಹತ್ತನೆಯದು 18 ನಿಮಿಷ. ಇಲ್ಲಿ ಯಾರೂ ಸೋಮಾರಿಗಳಲ್ಲ, ಎಲ್ಲರೂ ಚುರುಕಾಗಿಯೇ ಆಡಿದ್ದಾರೆ, ಆದರೂ ಸಾಲು ಬೆಳೆಯಿತು. ಹೆಚ್ಚು ಜನರನ್ನು ಆಡಿಸಬೇಕೆಂಬ ಆಸೆಯಿಂದ ಕ್ಲಬ್ಬಿನವರು ಬೆಳಿಗ್ಗೆ ತಂಡಗಳನ್ನು ಒತ್ತೊತ್ತಾಗಿ ಬಿಡುತ್ತಾರೆ, ಆಮೇಲೆ ಆಟಗಾರರು ನಿಧಾನಿಗಳೆಂದು ಫಲಕ ಹಾಕುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ತಿದ್ದಬೇಕಾದದ್ದು ಆ ಸಮಯಪಟ್ಟಿಯನ್ನು. 10 ನಿಮಿಷಕ್ಕೊಂದು ತಂಡವಾದರೆ ಮೇಲಿನ ಲೆಕ್ಕದಲ್ಲಿ ಕಾಯುವಿಕೆಯೇ ಇಲ್ಲ. ಗಿಡ್ಡ ಕುಳಿಯಲ್ಲಿ ಸಾಲು ನಿಂತಾಗ ಮುಂದಿನವರು ಗ್ರೀನ್ ತಲುಪಿ ಪಕ್ಕಕ್ಕೆ ಸರಿದು, ಹಿಂದಿನವರಿಗೆ ಕೈಬೀಸಿ ‘ಹೊಡೆಯಿರಿ’ ಎನ್ನುವ ಹಳೆಯ ಪದ್ಧತಿಯೂ ಇದೆ. ಹಿಂದಿನವರು ಹೊಡೆದು ನಡೆದು ಬರುವಷ್ಟರಲ್ಲಿ ಇವರ ಆಟ ಮುಗಿದಿರುತ್ತದೆ.

ಗಾಲ್ಫಿನ ಮೊದಲ ಲಿಖಿತ ನಿಯಮಗಳು 1744ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಆದವು. ಒಟ್ಟು 13 ಮಾತ್ರ. ಕಾಲ ಹೋದಂತೆ ಅವು ಬೆಳೆದು ದೊಡ್ಡ ಪುಸ್ತಕವಾದವು. 2019ರ ಜನವರಿ 1ರಿಂದ ಜಾರಿಗೆ ಬಂದ ಪರಿಷ್ಕರಣೆಯಲ್ಲಿ ಹೊತ್ತು ಉಳಿಸುವ ಉದ್ದೇಶ ಎದ್ದು ಕಾಣುತ್ತದೆ. ಕಳೆದ ಚೆಂಡನ್ನು ಹುಡುಕಲು ಮೊದಲು 5 ನಿಮಿಷವಿತ್ತು, ಈಗ 3. ಗ್ರೀನಿನ ಮೇಲಿಂದ ಹೊಡೆಯುವಾಗ ಬಾವುಟದ ಕೋಲನ್ನು ಕೀಳಲೇಬೇಕೆಂಬುದಿಲ್ಲ. ಸರದಿ ಬಂದು ಅಡ್ಡಿಯಿಲ್ಲದೆ ಹೊಡೆಯಬಹುದಾದಾಗ 40 ಸೆಕೆಂಡಿನೊಳಗೆ ಹೊಡೆಯಬೇಕೆಂದೂ ಸಾಮಾನ್ಯವಾಗಿ ಅದಕ್ಕಿಂತ ಬೇಗ ಆಗಬೇಕೆಂದೂ ಸಲಹೆ ಇದೆ. ನಮ್ಮ ಲೆಕ್ಕ ನೋಡಿದವರಿಗೆ ಗೊತ್ತು, 360 ಹೊಡೆತಕ್ಕೂ 40 ಸೆಕೆಂಡು ಬಳಸಿದರೆ ನಡಿಗೆ ಬಿಟ್ಟೇ ನಾಲ್ಕು ತಾಸಾಗುತ್ತದೆ! ಅದು ಮೇಲಿನ ಮಿತಿ, ಅಳತೆಗೋಲಲ್ಲ. ಕಾರಣವಿಲ್ಲದೆ ತಡಮಾಡಿದರೆ ದಂಡವೂ ಉಂಟು: ಮೊದಲ ತಪ್ಪಿಗೆ ಒಂದು ಹೊಡೆತ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಸ್ಪರ್ಧೆಯಿಂದಲೇ ಹೊರಗೆ.

ಆ ಪರಿಷ್ಕರಣೆಯಲ್ಲಿ ಎಲ್ಲಕ್ಕಿಂತ ಉಪಯುಕ್ತವೆಂದು ನಮಗೆ ತೋರಿದ್ದು ‘ಸಿದ್ಧನಾದವನು ಹೊಡೆಯಲಿ’ ಎಂಬ ಪದ್ಧತಿಗೆ ಸಿಕ್ಕ ಒಪ್ಪಿಗೆ. ಕುಳಿಯಿಂದ ದೂರವಿದ್ದವನೇ ಮೊದಲು ಹೊಡೆಯಬೇಕೆಂಬುದು ಹಳೆಯ ಕ್ರಮ. ಅವನ ಚೆಂಡು ಪೊದೆಯಲ್ಲಿದ್ದರೆ ಉಳಿದ ಮೂವರೂ ಕೈಕಟ್ಟಿ ನಿಲ್ಲುತ್ತಿದ್ದರು. ಹೊಡೆತಗಳ ಲೆಕ್ಕದ ಆಟದಲ್ಲಿ ಈಗ ಹಾಗೆ ನಿಲ್ಲಬೇಕಾಗಿಲ್ಲ. ಅಪಾಯವಿಲ್ಲದಿದ್ದರೆ ತಯಾರಾದವರು ಹೊಡೆದು ಮುಂದೆ ಸಾಗಬಹುದು. ಮಲೆನಾಡಿನ ಮೈದಾನಗಳಲ್ಲಿ ಬದಿಗೆ ಲಂಟಾನ, ಇಳಿಜಾರು, ತೋಡು ಇರುವುದರಿಂದ ಚೆಂಡು ಕಾಣೆಯಾಗುವುದು ದಿನದ ಮಾತು. ಚೆಂಡು ಸಿಕ್ಕೀತೋ ಇಲ್ಲವೋ ಎಂಬ ಅನುಮಾನ ಬಂದೊಡನೆ, ಮುಂದೆ ಹೋಗುವ ಮೊದಲೇ, ಜೊತೆಯವರಿಗೆ ಹೇಳಿ ಇನ್ನೊಂದು ಚೆಂಡನ್ನು ಅಲ್ಲಿಂದಲೇ ಹೊಡೆದಿಡಬೇಕು. ಹಾಗೆ ಮಾಡದೆ ಹೋಗಿ, ಹುಡುಕಿ, ಸಿಗದೆ, ಪುನಃ ಟೀ ತನಕ ಹಿಂದಿರುಗಿ ಬರುವವನನ್ನು ಹಿಂದಿನ ತಂಡದವರು ನೋಡುವ ನೋಟವನ್ನು ವರ್ಣಿಸಬೇಕಾಗಿಲ್ಲ.

ಹೊಸಬರು ತಾವು ಕೆಟ್ಟದಾಗಿ ಆಡುವುದರಿಂದಲೇ ತಡವಾಗುತ್ತದೆಂದು ನಾಚುತ್ತಾರೆ. ಹಾಗೇನಿಲ್ಲ. ಬೇಗ ಬೇಗ ನೂರಿಪ್ಪತ್ತು ಹೊಡೆಯುವವನು, ಗ್ರೀನಿನ ಮೇಲೆ ನಾಲ್ಕು ದಿಕ್ಕಿಗೂ ಕುಕ್ಕರಗಾಲಿನಲ್ಲಿ ಕೂತು ಇಳಿಜಾರು ಅಳೆಯುವ ಎಂಬತ್ತೈದರವನಿಗಿಂತ ಒಳ್ಳೆಯ ಸಂಗಾತಿ. ಟೆಲಿವಿಷನ್ನಿನಲ್ಲಿ ಲಕ್ಷಾಂತರ ಡಾಲರಿಗೆ ಆಡುವವರನ್ನು ಕಂಡು ಈ ಚಾಳಿ ಹಬ್ಬಿದೆ. ಹೊಸಬರಿಗೆ ಸ್ಟೇಬಲ್‌ಫರ್ಡ್ ಪದ್ಧತಿ ಬಹಳ ಒಳ್ಳೆಯದು. ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫರ್ಡ್ ಎಂಬವರ ಈ ಪದ್ಧತಿಯಲ್ಲಿ 1932ರಲ್ಲಿ ಇಂಗ್ಲೆಂಡಿನ ವಾಲಸಿ ಕ್ಲಬ್ಬಿನಲ್ಲಿ ಸ್ಪರ್ಧೆ ನಡೆಯಿತು. ಇದರಲ್ಲಿ ಪ್ರತಿ ಕುಳಿಗೂ ಅಂಕ. ಹೊಡೆತ ಹೆಚ್ಚಾಗಿ ಅಂಕ ಸಿಗುವಂತಿಲ್ಲ ಎಂದಾದರೆ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಕುಳಿಗೆ ನಡೆಯಬಹುದು. ಒಂದು ಕುಳಿ ಕೆಟ್ಟರೆ ಇಡೀ ದಿನದ ಲೆಕ್ಕ ಕೆಡುವುದಿಲ್ಲ. ಹೊತ್ತೂ ಉಳಿಯಿತು, ಮನಸ್ಸೂ ಉಳಿಯಿತು. ಹಾಗೆಯೇ ದೂರದ ಟೀಯಿಂದ ಆಡುವ ಹಟ ಬಿಟ್ಟು ಹತ್ತಿರದ ಟೀಯಿಂದ ಆರಂಭಿಸುವುದರಲ್ಲಿ ಅವಮಾನವೇನೂ ಇಲ್ಲ.

ಕೈಚೀಲವನ್ನು ಗ್ರೀನಿನ ಹಿಂದೆ ಬಿಡದೆ ಮುಂದಿನ ಟೀಗೆ ಹೋಗುವ ದಾರಿಯಲ್ಲಿ ಇಡುವುದು, ಅಂಕಗಳನ್ನು ಗ್ರೀನಿನ ಮೇಲೆ ನಿಂತು ಬರೆಯದೆ ಮುಂದಿನ ಟೀಯಲ್ಲಿ ಬರೆಯುವುದು, ಇವು ಸಣ್ಣ ಮಾತುಗಳು, ಆದರೆ 18 ಸಲ ಬರುತ್ತವೆ.

ಈ ವಿಷಯದಲ್ಲಿ ಯಾರೂ ಕೇಳದೆ ಬಿಡುವ ಒಬ್ಬನಿದ್ದಾನೆ: ಕೋಲುಗಳ ಚೀಲ ಹೊರುವ ಕ್ಯಾಡಿ. ಅಡಿಕೆ ಸುಲಿಯುವವರಿಗೆ ಸುಲಿದಷ್ಟಕ್ಕೆ ಕೂಲಿ ಇರುವಂತೆ ಅವನಿಗೆ ಸಾಮಾನ್ಯವಾಗಿ ಸುತ್ತಿನ ಲೆಕ್ಕದಲ್ಲಿ ಕೂಲಿ. ಆಟ ಮೂರೂವರೆ ತಾಸಿನಲ್ಲಿ ಮುಗಿದರೆ ಅವನು ಮಧ್ಯಾಹ್ನ ಇನ್ನೊಂದು ಸುತ್ತು ಹಿಡಿಯಬಹುದು. ಐದು ತಾಸಾದರೆ ಅಂದಿನ ದುಡಿಮೆ ಅರ್ಧವಾಯಿತು. ಸಾಹೇಬರು ಚೆಂಡಿನ ಮುಂದೆ ಧ್ಯಾನಿಸುವ ಪ್ರತಿ ನಿಮಿಷಕ್ಕೂ ಅವನ ಲೆಕ್ಕದಿಂದಲೇ ಖರ್ಚು. ಕ್ಯಾಡಿ ಎಂದರೆ ಬರೀ ಹೊರೆಯಾಳೂ ಅಲ್ಲ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ದುಡಿಯಲು ಆರಂಭಿಸಿದ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನೇ ಗೆದ್ದರು. ಯಾವ ಕೋಲು, ಎತ್ತ ಗಾಳಿ ಎಂದು ಕ್ಯಾಡಿ ಹೇಳಿದರೆ ಕೇಳಿಕೊಂಡು ಹೊಡೆಯುವವನಿಗೆ ಹೊತ್ತಿನ ಉಳಿತಾಯ ಧಾರಾಳ. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಂತಹ ಹಳೆಯ ಮೈದಾನವಿರಲಿ, ಘಟ್ಟದ ಸಣ್ಣ ಮೈದಾನವಿರಲಿ, ನೆಲದ ಏರಿಳಿತ ಅಲ್ಲಿ ದಿನವೂ ಓಡಾಡುವವರಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿರದು.

ಕೊಯ್ಲಿನ ದಿನಗಳಲ್ಲಿ ಆಡಲು ಕರೆ ಬಂದರೆ 9 ಕುಳಿಗೆ ಮಾತ್ರ ಒಪ್ಪಿಕೊಳ್ಳುವುದು ಮೇಲು. ಬೆಳಿಗ್ಗೆ ಏಳಕ್ಕೆ ಹೊರಟ ನಾಲ್ವರು ಚುರುಕಾಗಿ ಆಡಿದರೆ ಒಂಬತ್ತಕ್ಕೆ ಮುಗಿಸಿ, ಹತ್ತಕ್ಕೆ ಕಣದಲ್ಲಿ ಹಣ್ಣು ಹರಡುವ ಹೊತ್ತಿಗೆ ಮನೆ ಸೇರುತ್ತಾರೆ. ಹಿಂದಿನ ತಂಡ ನಿಮಗಿಂತ ಬೇಗ ಬರುತ್ತಿದ್ದು ನಿಮ್ಮ ಮುಂದೆ ಒಂದು ಕುಳಿ ಖಾಲಿ ಇದ್ದರೆ, ಬದಿಗೆ ನಿಂತು ಅವರನ್ನು ಮುಂದೆ ಬಿಡಿ. ಅದಕ್ಕೆ ಹಿಡಿಯುವುದು ನಾಲ್ಕೈದು ನಿಮಿಷ. ಫ್ಲಾಸ್ಕಿನಲ್ಲಿ ಕಾಫಿ ಒಯ್ದಿದ್ದರೆ ಕುಡಿಯಲು ಅದೇ ಸರಿಯಾದ ಹೊತ್ತು.